ಒಳಅಳತೆಯೋ, ಹೊರಅಳತೆಯೋ

ಪೆಟ್ಟಿಗೆ ಬೇಕು ಅಂತ ಯಾರೇ ಬಂದರೂ
ನಾನು ಮೊದಲು ಕೇಳುವುದು ಇದೊಂದೇ ಮಾತು.
ಪೀಣ್ಯದ ಪಂಪಿನವರಿಗೆ ಗೊತ್ತು, ಊದುಬತ್ತಿ ರಫ್ತಿನವರಿಗೂ ಗೊತ್ತು.
ಈ ಐವರು ಮಕ್ಕಳು ಮುಖಮುಖ ನೋಡಿಕೊಂಡರು,
ಟಿಂಬರ್ ಯಾರ್ಡ್ ಲೇಔಟಿನ ನನ್ನ ಶೆಡ್ಡಿನಲ್ಲಿ,
ಯೂನಿಫಾರಂ ತುಂಬ ಮರದ ಹೊಟ್ಟು.

"ಇಪ್ಪತ್ನಾಲ್ಕು ಇಂಚು, ಅಂಕಲ್. ಮೂರೂ ಕಡೆ."
ಹಲಗೆಗೂ ಒಂದು ದಪ್ಪ ಇರುತ್ತದಲ್ಲ, ತಾಯಿ,
ಈಚೆ ಮುಕ್ಕಾಲಿಂಚು, ಆಚೆ ಮುಕ್ಕಾಲಿಂಚು,
ಒಳಗೆ ಒತ್ತುವ ಫೋಮು ಬೇರೆ.
ನಿಯಮದ ಪುಸ್ತಕ ತೆಗೆದರು, ನಲವತ್ತು ಪುಟ,
ಪಂಕಜಾಕ್ಷಿ ಟೀಚರ್ ಅಲ್ಲಲ್ಲಿ ಹಳದಿ ಗೆರೆ ಎಳೆದದ್ದು.
ಹೊರಅಳತೆ.
ತೂಕ, ಪೆಟ್ಟಿಗೆ ಸಮೇತ, ಮೂವತ್ತು ಕಿಲೋ.
ಮುಚ್ಚಳಕ್ಕೆ ಮೊಳೆ ಕೂಡದು, ಸ್ಕ್ರೂ ಮಾತ್ರ;
ಕಸ್ಟಮ್ಸಿನವರು ಬಿಚ್ಚಿದರೆ ಮತ್ತೆ ಮುಚ್ಚುವಂತಿರಬೇಕು.
ಬ್ಯಾಟರಿ ಒಳಗಿಡಬಾರದು.
ಮರ ಬೆಂದಿರಬೇಕು, ತಿರುಳಿನವರೆಗೆ,
ಐವತ್ತಾರು ಡಿಗ್ರಿ, ಅರ್ಧ ಗಂಟೆ, ತೆನೆಯ ಗುರುತಿನ ಮುದ್ರೆ ಸಹಿತ:
ನಮ್ಮ ಹುಳ ಅವರ ಕಾಡು ಸೇರಬಾರದಂತೆ.
ಅದು ನನಗೆ ಹೊಸದಲ್ಲ.
ನಾನು ಜೋಡಿಸಿದ ಪೈನ್ ಹಲಗೆ ಎಷ್ಟು ಬಂದರು ಕಂಡಿದೆಯೋ,
ನಾನು ಬಿಡದಿ ದಾಟಿದ್ದೇ ಕಡಿಮೆ.

ಹೊಸದು ಆ ಯಂತ್ರ.
ಹೆಸರು ಚಕ್ಕುಲಿ. ಕೈ ಸುತ್ತಿಕೊಂಡು ಕೂರುತ್ತದೆ, ಅದಕ್ಕೆ.
ಆಟ ಶುರುವಾಗುವ ಮುಂಚೆ ಮೈಯೆಲ್ಲ
ಹದಿನೆಂಟು ಇಂಚಿನೊಳಗೆ, ಉದ್ದ ಅಗಲ ಎತ್ತರ;
ಒಂದು ವೈರಿನ ತುದಿ ಇಣುಕಿದರೂ
ಔಟು.
ಗಂಟೆ ಹೊಡೆದ ಮೇಲೆ?
"ಆಮೇಲೆ ಎಷ್ಟು ಬೇಕಾದ್ರೂ ಚಾಚಬಹುದು"
ಅಂದಳು ಸೆಲ್ವಿ. ಕೈ ಮಾಡಿದವಳು ಅವಳೇ,
ಜೆ.ಸಿ. ರೋಡ್ ಗುಜರಿಯ ವೈಪರ್ ಮೋಟಾರು, ಛತ್ರಿಯ ಕಡ್ಡಿ.
ಗುಂಡಿ ಒತ್ತಿದಳು.
ಗರಗರ ಅಂತ ಎದ್ದು ಅದು
ನನ್ನ ಗರಗಸ ತೂಗುಹಾಕಿದ ಮೊಳೆ ಮುಟ್ಟಿತು.
ಎರಡು ಹೆಜ್ಜೆ ಹಿಂದೆ ಸರಿದೆ, ಸುಳ್ಳು ಯಾಕೆ ಹೇಳಲಿ.

ಮಡಿಸಿ ಅಳೆದೆ. ಮಣಿಕಟ್ಟಿನ ಹತ್ತಿರ
ಕಾಲಿಂಚು ಹೆಚ್ಚು.
ಮಕ್ಕಳ ಟೇಪಿನ ಕೊಕ್ಕೆ ಸಡಿಲ, ಇಷ್ಟು ದಿನ
ಅವರ ಮನಸ್ಸಿಗೆ ಬೇಕಾದ್ದನ್ನೇ ತೋರಿಸಿತ್ತು.
ಭುವನ್ ಅಳುವ ಹಾಗಾದ. "ಕಾಲಿಂಚು ತಾನೆ" ಅಂದಳು ಇಂಪನ.
ಕಾಲಿಂಚು ಅಂದರೆ, ಮಗಾ, ಮುಚ್ಚದ ಬಾಗಿಲು.
ಅರ ಹಿಡಿದು ಕೂತೆ. ಅಲ್ಯೂಮಿನಿಯಂ
ಮರದ ಹಾಗೆ ಹೇಳಿದ ಮಾತು ಕೇಳುವುದಿಲ್ಲ.
ರಾತ್ರಿ ಒಂಬತ್ತಾಯಿತು. ಮೈಸೂರು ರಸ್ತೆಯ ಮೇಲೆ ಮೆಟ್ರೋ ಹೋದಾಗೆಲ್ಲ
ಮಟ್ಟದ ಗಾಜಿನಲ್ಲಿ ಗುಳ್ಳೆ ನಡುಗಿದಂತೆ ನನಗೆ.

ಪುಸ್ತಕದ ಕೊನೆಗೆ ಇನ್ನೊಂದು ಅಳತೆಯಿತ್ತು,
ಅದಕ್ಕೆ ಹಳದಿ ಗೆರೆ ಇರಲಿಲ್ಲ:
ತಂಡಕ್ಕೆ ನಾಲ್ವರು.
ಚೀಟಿ ಎತ್ತಿದರಂತೆ.
"ನಾನು ಬ್ಯಾಟರಿ, ಅಂಕಲ್. ಒಳಗೆ ಬಿಡಲ್ಲ"
ಅಂತ ಸೆಲ್ವಿ ನಕ್ಕಳು.
ಕಿವಿಯ ಮೇಲೇ ಇದ್ದ ಪೆನ್ಸಿಲನ್ನು
ನಾನು ಸುಮಾರು ಹೊತ್ತು ಹುಡುಕಿದೆ.

ಮುಚ್ಚುವ ಮುಂಚೆ ಅದೇ ಪೆನ್ಸಿಲ್ ಕೇಳಿ ಇಸಕೊಂಡು
ಮುಚ್ಚಳದ ಒಳಮೈ ಮೇಲೆ,
ಬಿಚ್ಚಿದವರಿಗೆ ಮಾತ್ರ ಕಾಣುವ ಹಾಗೆ ಬರೆದಳು:
ಎಡ ಮೊಣಕೈ ಸ್ಕ್ರೂ ಸಡಿಲ ಇದೆ. ಬೇಕಂತಲೇ.
ಬಿಗಿ ಮಾಡಬೇಡಿ. ಮಾಡಿದರೆ ಚಾಚಲ್ಲ.

ಇಪ್ಪತ್ತೆರಡು ಸ್ಕ್ರೂ. ಇಪ್ಪತ್ತೊಂಬತ್ತು ಕಿಲೋ ನಾನೂರು ಗ್ರಾಂ.
ಮೇಲ್ಮುಖದ ಬಾಣ ಬಳಿದೆ, ಒಡೆಯುವ ಲೋಟದ ಚಿತ್ರ ನಾಲ್ಕೂ ಕಡೆ.
ಟೆಂಪೋ ತಿರುವಿನ ತನಕ ಕಂಡಿತು,
ನಾಲ್ವರೂ ಅದರ ಹಿಂದೆ ಓಡಿದರು.
ಅವಳು ಶೆಡ್ಡಿನಲ್ಲೇ ನಿಂತು
ಮಿಕ್ಕ ತುಂಡು ಹಲಗೆ ಅಳೆಯುತ್ತಿದ್ದಳು, ನನ್ನ ಟೇಪಿನಲ್ಲಿ.
"ಇದಕ್ಕೆಷ್ಟಾಗುತ್ತೆ?"
ಏನು ಮಾಡುತ್ತೀಯ ಅಂದೆ.
ಹೇಳಲಿಲ್ಲ. ಹದಿನೆಂಟಕ್ಕಿಂತ ದೊಡ್ಡದು
ಅಂದಳು ಅಷ್ಟೆ.