ನಾಲ್ಕು ತಂತಿಯವರು

ಕುಶಾಲನಗರದ ಕಾಫಿ ಕ್ಯೂರಿಂಗಿಗೆ ಆ ವರ್ಷ
ಜಪಾನಿನಿಂದ ರುಚಿ ನೋಡುವವನೊಬ್ಬ ಬಂದಿದ್ದ, ಕುರೊಸೆ ಅಂತ.
ಚಮಚದಿಂದ ಸುರ್ರೆಂದು ಹೀರುವುದು, ಡಬ್ಬಕ್ಕೆ ಉಗುಳುವುದು,
ಚೀಟಿಯಲ್ಲಿ ಒಂದು ಅಂಕಿ. ಅಷ್ಟೇ ಅವನ ಮಾತು.
ಹೊರಡುವ ದಿನ, ಗೋಣಿ ಹೊಲಿಯುತ್ತಿದ್ದ ನನ್ನ ಕೈ ನೋಡಿ
(ಬಿಗಿದ ದಾರದ ಮೇಲೆ ಹೆಬ್ಬೆರಳು ತಾಳ ಹಾಕುತ್ತಿತ್ತಂತೆ,
ನನಗೇ ಗೊತ್ತಿರಲಿಲ್ಲ)
ಬಿಸ್ಕತ್ತಿನ ಡಬ್ಬವೊಂದನ್ನು ಕೊಟ್ಟ.
ಬಿಸ್ಕತ್ತಿರಲಿಲ್ಲ. ಹದಿನಾಲ್ಕು ಕ್ಯಾಸೆಟ್ಟು.
ಎಲ್ಲದರ ಬೆನ್ನ ಮೇಲೂ ಇರುವೆ ಸಾಲಿನಂಥ ಅವರ ಅಕ್ಷರ.

ವಿರಾಜಪೇಟೆಯ ಇನಾಸ್ ಮಾಮನ ಟೇಪಿನಲ್ಲಿ ಹಾಕಿದೆವು.
ಮಾಮ ಇಗರ್ಜಿಯಲ್ಲಿ ಹಾರ್ಮೋನಿಯಂ, ಮದುವೆಯಲ್ಲಿ ಬೇಸ್ ಗಿಟಾರು.
"ಹಾಡು ಬಿಡು ಮಗಾ, ಅಡಿಗೆ ಕಿವಿ ಕೊಡು" ಅಂದ.
ಅಡಿಯಲ್ಲಿ ಯಾರೋ ನಡೆಯುತ್ತಿದ್ದರು.
ಹಾಡುವವಳು ಮರ ಹತ್ತಿ ಮೆಣಸು ಕೊಯ್ಯುತ್ತಿದ್ದರೆ
ಇವನು ಕೆಳಗೆ ಏಣಿ ಹಿಡಿದು ನಿಂತವನು.

ಓದಲು ಬಾರದ ಹೆಸರು ಯಾರಿಗೆ ಬೇಕು? ನಾವೇ ಇಟ್ಟೆವು.
ಆಳೆತ್ತರದ ಪಿಟೀಲನ್ನು ತಬ್ಬಿ ನಿಂತು
ನಡುನಡುವೆ ಕೆಮ್ಮುತ್ತ (ಟೇಪಿನಲ್ಲಿ ಕೆಮ್ಮೂ ಇದೆ)
ಒಂದೊಂದೇ ಸ್ವರ ತೂಗಿ ಇಡುವವನು ತಕ್ಕಡಿ ಅಜ್ಜ.
ಅಜ್ಜನೋ ಅಲ್ಲವೋ; ಸೋತ ಯುದ್ಧ ಕಂಡವರ ಹಾಗೆ
ಅವಸರವಿಲ್ಲ ಅವನಿಗೆ.
ಹೆಬ್ಬೆರಳಲ್ಲಿ ಚಟೀರನೆ ಹೊಡೆದು, ತೋರುಬೆರಳಲ್ಲಿ ಎಳೆದು ಬಿಡುವವನು,
ಗಂಟು ಸಿಡಿಯುವ ಹಾಗೆ, ಬಿದಿರುಬೆಂಕಿ.
ಇಬ್ಬರ ನಡುವೆ ಇಪ್ಪತ್ತು ವರ್ಷ, ಮಾಮನ ಲೆಕ್ಕ.
ಆಮೇಲೆ ಕಿರುಚುವ ಒಂದು ಗುಂಪು, ಗಿಟಾರುಗಳ ಕಾಡುಹಂದಿ ಹಿಂಡು;
ನಡುವೆ ಒಬ್ಬಳು ಮಾತ್ರ ಕೋವಿ ಹಿಡಿದು ಕೂತ ಹಾಗೆ
ಒಂದೇ ಸ್ವರ, ಒಂದೇ ಸ್ವರ, ಹದಿನಾರು ಸಲ.
ಅವಳು ಅಂತ ಹೇಗೆ ಗೊತ್ತು, ಕೇಳಿದೆ.
"ಗಂಡಸಾದರೆ ಒಂದು ಸಲವಾದರೂ ತೋರಿಸಿಕೊಳ್ಳುತ್ತಿದ್ದ."

ಏಳನೆಯ ಕ್ಯಾಸೆಟ್ಟಿನವನಿಗೆ ಹೆಸರು ಸಿಗಲಿಲ್ಲ.
ತಿತಿಮತಿ ದಾರಿಯಲ್ಲಿ ಒಮ್ಮೆ ಬೈಕು ಕೆಟ್ಟು ನಿಂತಾಗ
ಆನೆ ಕಾಣಲಿಲ್ಲ, ಕೇಳಲೂ ಇಲ್ಲ,
ಪಕ್ಕೆಲುಬಿನೊಳಗೆ ಏನೋ ಗುಂಯ್ ಅಂದು ನಿಂತಿತು.
ಅದು.
ಅವನ ಕೈ ಕಲಿಯುವಷ್ಟರಲ್ಲಿ ಕಾಫಿ ಎರಡು ಸಲ ಹೂ ಬಿಟ್ಟಿತು.
ಕಲಿತೆನೆಂದಲ್ಲ.

ಬೂಷ್ಟು ಹಿಡಿದಾಗೆಲ್ಲ ಪೆನ್ಸಿಲು ತೂರಿಸಿ ಸುತ್ತಿದೆ, ಒರೆಸಿದೆ,
ಮತ್ತೆ ಸುತ್ತಿದೆ. ಮಾಮ ಹೋದ. ಗಿಟಾರು ನನಗೆ ಬಂತು,
ಪಟ್ಟಿಗೆ ಹತ್ತಿದ ಅವನ ಬೆವರಿನ ಉಪ್ಪು ಸಮೇತ.

ಮೊನ್ನೆ ನಮ್ಮ ಕೀಬೋರ್ಡಿನ ದೇಚಮ್ಮ ಫೋನು ತೆಗೆದು
ಇರುವೆ ಸಾಲಿನ ಮೇಲೆ ಹಿಡಿದಳು.
ತಕ್ಕಡಿ ಅಜ್ಜನಿಗೆ ಹೆಸರು, ಊರು, ಇಸವಿ ಬಂತು.
ಬಿದಿರುಬೆಂಕಿ ತೀರಿ ಹನ್ನೊಂದು ವರ್ಷವಂತೆ.
ಕೋವಿಯವಳು ಗಂಡಸು;
ಮಾಮನಿಗೆ ಹೇಳುವ ಹಾಗಿಲ್ಲ ಇನ್ನು.
"ಈಗಿನವಳನ್ನು ನೋಡಿ" ಅಂತ ಒಬ್ಬಳನ್ನು ತೋರಿಸಿದಳು:
ಹತ್ತೊಂಬತ್ತು ವರ್ಷ, ಶಾಲೆಯ ಸಾಕ್ಸು, ತನಗಿಂತ ಉದ್ದದ ಬೇಸು,
ತಂತಿಯ ಮೇಲೆ ಜೇಡದ ಹಾಗೆ ಓಡುವ ಬೆರಳು.
ಫೋನಿಗೆ ಅಡಿಯೇ ಇಲ್ಲ. ಬೆರಳು ಕಂಡಿತು, ಸ್ವರ ಬರಲಿಲ್ಲ.

ಕೊನೆಗೆ ಏಳನೆಯದು.
ಹಾಡಿದವರು ಇಂಥವರು, ಡ್ರಮ್ಸು ಇಂಥವರು,
ಬೇಸು... ಅಲ್ಲಿ ಫೋನು ಬಿಳಿಯಾಗಿ ಸುತ್ತಿ, ಸುತ್ತಿ,
ಕುರೊಸೆಯ ಕೈಬರಹವನ್ನು ಕನ್ನಡದಲ್ಲಿ ಉಗುಳಿತು:
"ಯಾರೆಂದು ತಿಳಿಯದು. ಕೇಳಿಸಿಕೊಳ್ಳಿ."

ನಿನ್ನೆ ಅಮ್ಮತ್ತಿಯಲ್ಲಿ ಮದುವೆ. ಮೈಕಿನವನು ಹೇಳುತ್ತಿದ್ದ:
ಕೀಬೋರ್ಡಿನಲ್ಲಿ ದೇಚಮ್ಮ, ಡ್ರಮ್ಸಿನಲ್ಲಿ ಹಂಝ,
ಲೀಡ್ ಗಿಟಾರು ನಮ್ಮ ಮಂದಪ್ಪ, ಮತ್ತು...
ಅಷ್ಟರಲ್ಲಿ ಊಟ ಶುರುವಾಯಿತೆಂದು ಯಾರೋ ಕೂಗಿದರು,
ಕುರ್ಚಿಗಳೆಲ್ಲ ಒಟ್ಟಿಗೆ ಎದ್ದವು.
ಆ "ಮತ್ತು"ವಿನ ಕೆಳಗೆ
ದಪ್ಪ ತಂತಿಯನ್ನು ಒಮ್ಮೆ ಮುಟ್ಟಿ ಬಿಟ್ಟೆ.
ಯಾರೂ ತಿರುಗಲಿಲ್ಲ.
ವೇದಿಕೆಯ ಹಲಗೆಗೆ ಒರಗಿದ್ದ ಒಂದು ಮಗು
ತನ್ನ ಪಾದ ನೋಡಿಕೊಂಡಿತು.