ಎನ್, ಏನ್

ಕೌಲ್ ಬಜಾರಿನಲ್ಲಿ ಶೇರ್ ಆಟೋ ಹತ್ತಿದರೆ
ದಿನಾ ಯಾರೋ ಒಬ್ಬರು ಕೇಳುತ್ತಾರೆ:
ಎಲ್ಲಿ ಕೆಲಸ?
ಯೂನಿವರ್ಸಿಟಿ. ಜೀನ್ಸ್ ಮೇಲೆ.
ಓ, ಯಾವ ಯೂನಿಟ್ಟು? ಪೀಸಿಗೆ ಎಷ್ಟು ಕೊಡ್ತಾರೆ?
ಮೊದಲೆಲ್ಲ ಬಿಡಿಸಿ ಹೇಳುತ್ತಿದ್ದೆ.
ಈಗ ಅಂದಾಜು ಒಂದು ರೇಟು ಹೇಳಿ ಇಳಿಯುತ್ತೇನೆ.

ಪೂರ್ತಿ ಸುಳ್ಳೂ ಅಲ್ಲ.
ಅವ್ವ ಇಪ್ಪತ್ತೆರಡು ವರ್ಷ ಜೇಬು ಹೊಲಿದಳು,
ಬರೀ ಜೇಬು, ಎಡಗಡೆಯ ಹಿಂದಿನದು.
ಪ್ಯಾಂಟು ಕೊನೆಗೆ ಹೇಗಾಯಿತೆಂದು
ಅಂಗಡಿಯ ಗಾಜಿನಾಚೆಯಿಂದ ನೋಡಿ ತಿಳಿದಳು.
ನನ್ನ ಪಾಲಿಗೂ ತುಂಡುಗಳೇ:
ಸಂಡೂರಿನ ಅದಿರು ರಾಶಿಯ ಮೇಲೆ ಬದುಕುವ,
ಯಾರೂ ಹೆಸರಿಟ್ಟು ಕರೆಯದ ಒಂದು ಹುಲ್ಲು.
ಅದರ ಒಡಲಿನ ಬರಹ ಚಿಂದಿಯಾಗಿ ಬಂದಿದೆ,
ನೂರೈವತ್ತು ಅಕ್ಷರಕ್ಕೊಂದು ಚೂರು.
ಇರುವುದು ನಾಲ್ಕೇ ಅಕ್ಷರ, ಎ ಟಿ ಜಿ ಸಿ,
ಒತ್ತಿಲ್ಲ, ದೀರ್ಘವಿಲ್ಲ, ಉಸಿರಾಡಲು ಅಲ್ಪವಿರಾಮವೂ ಇಲ್ಲ.
ಒಂದರ ಬಾಲಕ್ಕೆ ಇನ್ನೊಂದರ ತಲೆ ಹೊಂದುವ ಕಡೆ
ಮಡಿಚಿ ಹೊಲಿಗೆ ಹಾಕಬೇಕು.

ಲ್ಯಾಬೆಂದರೆ ಏಳು ಕಂಪ್ಯೂಟರು, ಒಂದು ಸರ್ವರು.
ಅದಕ್ಕೆ ಏಸಿ, ನಮಗೆ ಫ್ಯಾನು.
ಮೇ ತಿಂಗಳ ಮಧ್ಯಾಹ್ನ ಕಲ್ಲುಗುಡ್ಡ ಕಾದು
ಕಿಟಕಿಗೆ ಬೆನ್ನು ಕೊಟ್ಟು ನಿಂತರೆ
ನಫೀಸಾ ಮೇಡಂ ಮೀಟಿಂಗು ಕರೆಯುತ್ತಾರೆ,
ಸರ್ವರಿನ ಖೋಲಿಯಲ್ಲಿ, ಐವರೂ ನಿಂತುಕೊಂಡೇ.
ಶಿವಗಂಗಾ ಅತಿಥಿ ಉಪನ್ಯಾಸಕಿ,
ಆರು ವರ್ಷದಿಂದ ಅತಿಥಿ.
ಎರ್ರಿಸ್ವಾಮಿ ಕೋಡು ಬರೆಯುವುದು ಇಂಗ್ಲಿಷಿನಲ್ಲಿ,
ಮುರಿದರೆ ಬಯ್ಯುವುದು ತೆಲುಗಿನಲ್ಲಿ,
ಓಡಿದರೆ ಮಾತ್ರ ಕನ್ನಡದಲ್ಲಿ, ಎತ್ತಿನ ಬೆನ್ನು ತಟ್ಟುವಂತೆ:
ನಡಿ, ನಡಿ ನಮ್ಮಪ್ಪ.
ಸಂಜೆ ಅಟೆಂಡರ್ ಗಾದಿಲಿಂಗಪ್ಪನವರು ಜಾಲರಿ ಬಿಚ್ಚಿ
ಹಳೇ ಪೇಂಟಿನ ಬ್ರಷ್ಷಿನಿಂದ ಕೆಂಪು ಧೂಳು ಉದುರಿಸುತ್ತಾರೆ.
ಇದಾವುದನ್ನೂ ಸಂಶೋಧನಾ ವಿಧಾನದಲ್ಲಿ ಬರೆಯುವ ಹಾಗಿಲ್ಲ.

ಹನ್ನೊಂದು ದಿನ ಓಡಿದ ಕೆಲಸ
ಮುಗಿಯಲು ಅರ್ಧ ತಾಸಿರುವಾಗ ಕರೆಂಟು ಹೋಯಿತು.
ಯುಪಿಎಸ್ಸು ಒಂದು ಸಲ ಕೂಗಿ ಸುಮ್ಮನಾಯಿತು.
ಕತ್ತಲಲ್ಲೂ ಯಾರೂ ಯಾರ ಮುಖ ನೋಡಲಿಲ್ಲ.
ಮೇಡಂ ಡಬ್ಬಿ ತೆಗೆದರು, ಒಗ್ಗರಣೆ ಮಂಡಕ್ಕಿ,
ನಾಲ್ಕು ಮಿರ್ಚಿ, ಐದು ಜನ.
ನನಗಿವತ್ತು ಏಕಾದಶಿ ಎಂದರು ಗಾದಿಲಿಂಗಪ್ಪನವರು.
ಅವತ್ತು ಏಕಾದಶಿಯಲ್ಲ.

ಮತ್ತೆ ಹನ್ನೊಂದು ದಿನ.
ಈ ಸಲ ಬಂತು, ಉದ್ದಕ್ಕೆ, ಚೆನ್ನಾಗಿಯೇ,
ನಡುವೆ ಒಂದು ಕಡೆ ಮಾತ್ರ ಪರದೆ ತುಂಬ
ಎನ್ ಎನ್ ಎನ್ ಎನ್.
ನೆಲ ಒರೆಸುತ್ತಿದ್ದ ಗಾದಿಲಿಂಗಪ್ಪನವರು
ಕೋಲಿಗೆ ಗದ್ದ ಊರಿ ಗಟ್ಟಿಯಾಗಿ ಓದಿದರು:
"ಏನ್ ಏನ್ ಏನ್ ಅಂತ ಕೇಳಾಕತ್ತೈತಲ್ಲಮ್ಮ ಇದು?"

ಹೌದಣ್ಣ, ಕೇಳುತ್ತಿದೆ.
ಅಲ್ಲಿ ಏನೋ ಇದೆ, ಹೆಚ್ಚುಕಡಿಮೆ ಇಷ್ಟುದ್ದ ಇದೆ,
ಯಾವುದೆಂದು ಮಾತ್ರ ಗೊತ್ತಿಲ್ಲ.
ಊಹಿಸಿ ತುಂಬುವಂತಿಲ್ಲ, ಖಾಲಿ ಬಿಡುವಂತೆಯೂ ಇಲ್ಲ.
ಅದಕ್ಕೇ ಆ ಅಕ್ಷರ.
ತಪ್ಪಲ್ಲಣ್ಣ, ನಿಯಮ.

ಹೇಳುತ್ತ ಹೇಳುತ್ತ ನನ್ನ ದನಿ ನನಗೇ ಕೇಳಿತು.

ಒಂದನೇ ಕ್ಲಾಸಿನಿಂದ ಪಿಎಚ್‌ಡಿ ಅರ್ಜಿಯವರೆಗೆ
ತಂದೆಯ ಹೆಸರೆಂಬ ಗೆರೆಯ ಮೇಲೆ
ಅವ್ವ ಬರೆಸಿದ್ದು ಮೂರು ಬೇರೆ ಬೇರೆ ಹೆಸರು.
ಒಮ್ಮೆ ಸೋದರಮಾವನದು, ಒಮ್ಮೆ ದೇವರದು,
ಇನ್ನೊಮ್ಮೆ ಹೆಡ್‌ಮಾಸ್ತರರೇ ತೋಚಿದ್ದೊಂದು ಗೀಚಿದ್ದು.
ಅವ್ವನ ಕೊರಳ ಮುತ್ತಿನ ಕತೆ
ಅಷ್ಟು ಸಣ್ಣ ಗೆರೆಯಲ್ಲಿ ಹಿಡಿಯುವುದಲ್ಲ.

ಶುಕ್ರವಾರ ಲೇಖನ ಕಳಿಸುವಾಗ
ಮೇಡಂ ಕೀಲಿಮಣೆಯ ಮೇಲೆ ಬೆರಳಿಟ್ಟು ಕೇಳಿದರು:
ಹುಲಿಗೆಮ್ಮ, ಇನಿಷಿಯಲ್ ಏನು ಹಾಕ್ಲಿ?
ಎನ್ ಎನ್ನಬೇಕೆಂದು ಬಾಯಿಗೆ ಬಂತು.
ಆಮೇಲೆ ಗೊತ್ತಿರುವುದನ್ನು ಹೇಳಿದೆ.
ಡಿ. ದುರುಗಮ್ಮನ ಡಿ.
ಅವರು ಟೈಪು ಮಾಡಿ ಮುಂದಿನ ಹೆಸರಿಗೆ ಹೋದರು.

ಮೂಲೆಯಿಂದ ಎರ್ರಿಸ್ವಾಮಿ, ಮೆಲ್ಲಗೆ:
ನಡಿ, ನಡಿ ನಮ್ಮಪ್ಪ.
ಅವನಿಗಿದೇನೂ ಕೇಳಿರಲಿಲ್ಲ.
ಆ ಕಡೆ ಅವನದೇನೋ ಓಡಿತ್ತು.