ಒತ್ತು ಬರುವ ತನಕ

ಮೊದಲು ಅದೊಂದು ಉದ್ದನೆಯ ಖಾಲಿ.
ಮೂಲೆ ಎಷ್ಟು ದುಂಡಗಿರಬೇಕು, ಅಂಚು ಯಾವ ಬಣ್ಣ,
ಭೂತಗನ್ನಡಿ ಎಡಕ್ಕೋ ಬಲಕ್ಕೋ,
ಎಲ್ಲ ಬಳಕೆದಾರರ ಇಷ್ಟ, ಅಂದಿದ್ದರು ಇಫ್ತಿಕಾರ್ ಸರ್,
ಎಚ್ಎಸ್ಆರ್ ಲೇಔಟಿನ ಮೂರನೇ ಮಹಡಿಯಲ್ಲಿ,
ಕೆಳಗಿನ ಜೆರಾಕ್ಸ್ ಅಂಗಡಿಯ ಸದ್ದು
ಮೆಟ್ಟಿಲು ಹತ್ತಿ ಬರುವ ಕೋಣೆಯಲ್ಲಿ.
ಎನ್ಎಫ್‌ಟಿಗೊಂದು ಸರ್ಚ್ ಬಾರ್. ಎರಡು ವಾರದ ಕೆಲಸ.
ಖಾಲಿಯೊಳಗೆ ಮಸುಕಾಗಿ ಏನು ಬರೆಯೋಣ ಎಂದು
ಒಂದಿಡೀ ಮಧ್ಯಾಹ್ನ ಜಗಳ.
'ನಿಮ್ಮ ನಿಧಿ ಹುಡುಕಿ' ಎಂದಳು ರೋವಿನಾ.
'ಹುಡುಕಿ' ಸಾಕು, ಎಂದೆ.
ಬೆಲೆ ಆಗಲೇ ಬಿದ್ದಿತ್ತು. ಕೂಲಿಂಗ್ ಗ್ಲಾಸ್ ಹಾಕಿದ ಬೆಕ್ಕುಗಳು
ಸರ್ವರಿನಲ್ಲಿ ಸಾಲಾಗಿ ಕೂತು ಯಾರನ್ನೋ ಕಾಯುತ್ತಿದ್ದವು.

ಬುಧವಾರ ಪಿಳ್ಳಾಂಜಿನಪ್ಪ ಬಂದರು,
ಕಲಾಸಿಪಾಳ್ಯದಲ್ಲಿ ಲಾರಿಗಳ ಬೆನ್ನಿಗೆ
ಮೂವತ್ತು ವರ್ಷ ಬಣ್ಣ ಹಚ್ಚಿದವರು;
ಉಗುರಿನ ಸುತ್ತ ಇನ್ನೂ ಹಸಿರು ಎನಾಮಲ್.
ಹೋದ ವರ್ಷ ನಮ್ಮವರೇ ಯಾರೋ ಫೋಟೋ ಹಿಡಿದು
ನಾಲ್ಕು ಸಾವಿರ ಕೊಟ್ಟು ಸಹಿ ಹಾಕಿಸಿಕೊಂಡಿದ್ದರಂತೆ.
'ನನ್ ಅಕ್ಕಿ ನಿಮ್ಮಲ್ಲೈತಂತಲ್ಲ, ನೋಡ್ಬೇಕಿತ್ತು.'

ಒಂದೇ ಬೆರಳು. ತಡಕಾಡಿ ಒತ್ತಿದರು: ಅ.
ಪಟ್ಟಿ ಓಡಿಹೋಗಿ ಓಡಿಬಂತು: ಏನೂ ಸಿಗಲಿಲ್ಲ.
ಅಕ. ಏನೂ ಸಿಗಲಿಲ್ಲ.
ಅಕ್
ಒತ್ತಿನ್ನೂ ದಾರಿಯಲ್ಲಿತ್ತು,
ಅಷ್ಟರಲ್ಲೇ ಮತ್ತೆ ಕೆಂಪಕ್ಷರ.
ಬೆರಳು ಹಿಂದೆಗೆದರು, ಹಸಿ ಬಣ್ಣ ಮುಟ್ಟಿದವರ ಹಾಗೆ.
'ಏನ್ ತಾಯಿ, ಬರ್ದು ಮುಗ್ಸೋಕ್ ಮುಂಚೇನೇ
ಇಲ್ಲ ಅಂತದಲ್ಲ ಇದು?'

ಮುನ್ನೂರು ಮಿಲಿಸೆಕೆಂಡು ಕಾಯುತ್ತದೆ ಎನ್ನಲು ಹೋಗಿ
ಸುಮ್ಮನಾದೆ.

ಪೂರ್ತಿ ಬರೆದ ಮೇಲೆ ಸಿಕ್ಕಿದ್ದು ಅಕ್ಕಿಯೇ:
ಬಳೇಪೇಟೆಯ ಯಾವನೋ ಹುಡುಗ ಮಾಡಿದ್ದು,
ಅರವತ್ತನಾಲ್ಕು ಕಾಳು, ಕಾಳಿಗೊಂದು ಬೆಲೆ.
ನಾನು ನಕ್ಕೆ. ಅವರು ನಗಲಿಲ್ಲ.
'ಇದು ತಿನ್ನೋ ಅಕ್ಕಿ. ನಂದು ಹಾರೋ ಅಕ್ಕಿ.'

ರೋವಿನಾ ಅವರನ್ನು ಕಾಫಿಗೆ ಕರೆದೊಯ್ದಳು.
ನಾನೂ ಮಾಗಡಿ ರೋಡಿನವಳು,
ಹಕಾರ ನುಂಗಿದ್ದಕ್ಕೆ ಅಂಗೈಗೆ ಸ್ಕೇಲಿನೇಟು ತಿಂದವಳು.
ಮುನ್ನೂರನ್ನು ಒಂಬೈನೂರು ಮಾಡಿದೆ.
ಅ ಬರೆದವರಿಗೆ ಹ-ವನ್ನೂ ತೋರಿಸು ಎಂದೆ.
ಕೋಡಿನಲ್ಲಿ ಅದು ಮೂರು ಸಾಲು.
ಸ್ಕೂಲಿನಲ್ಲಿ ಐದು ವರ್ಷ.

ಬಂತು. ಗಿಳಿಯೋ ನವಿಲೋ ಹೇಳಲಾಗದ್ದು.
ಅದರಡಿ ತುಕ್ಕು ತಗಡು, ನಂಬರ್ ಪ್ಲೇಟಿನ ಅರ್ಧ:
ಟಿಎನ್ ೭೦ ಎಂಬಲ್ಲಿಗೆ ಫೋಟೋ ಕತ್ತರಿಸಿದೆ.
ಮಾಲೀಕರು: ಸೊನ್ನೆ, ಎಕ್ಸ್, ಏಳು, ಎಫ್,
ಆಮೇಲೆ ಇನ್ನೂ ಮೂವತ್ತೆಂಟು.
ಅದನ್ನವರು ಓದಲೇ ಇಲ್ಲ.
'ಎಡಗಡೆ ರೆಕ್ಕೆ ನೋಡಿ, ಅರ್ಧಕ್ಕೇ ನಿಂತೈತೆ.
ಹೊಸೂರ್‌ಗೆ ಲೋಡ್ ಐತೆ ಅಂತ ಡ್ರೈವರ್ ಹೊರಟೇಬಿಟ್ಟ.
ತಿರ್ಗಾ ಬತ್ತೀನಿ ಅಂದಿದ್ದ.'
ಸ್ವಲ್ಪ ಹೊತ್ತು ಬಿಟ್ಟು,
'ಆ ಲಾರಿ ಎಲ್ಲೈತೆ ಅಂತ ಹಾಕಿದ್ರೆ ಬತ್ತದಾ ಇದರಲ್ಲಿ?'

ಸೋಸಲು ನಾವು ಕೊಟ್ಟದ್ದು ಬೆಲೆ, ಸಂಗ್ರಹ, ಚೈನು, ಎಷ್ಟು ಅಪರೂಪ.

ಶುಕ್ರವಾರ ಇಫ್ತಿಕಾರ್ ಸರ್ ಒತ್ತಿ ನೋಡಿದರು: ನಿಧಾನ.
ಒಂಬೈನೂರು ಮತ್ತೆ ಮುನ್ನೂರಾಯಿತು.
ಬಳಕೆದಾರರ ಇಷ್ಟವಲ್ಲವೇ ಸರ್, ಎಂದು
ಸೆಟ್ಟಿಂಗ್ಸಿನ ತೀರಾ ತಳದಲ್ಲಿ,
ಬಣ್ಣ ಅಂಚು ಮೂಲೆ ಎಲ್ಲ ಮುಗಿದ ಮೇಲೆ,
ಒಂದು ಸಣ್ಣ ಗುಂಡಿ ಉಳಿಸಿಕೊಂಡೆ:
ಒತ್ತು ಬರುವ ತನಕ ಕಾಯಿ.

ಈವರೆಗೆ ಆನ್ ಮಾಡಿದವರು ಇಬ್ಬರು.
ಒಬ್ಬಳು ನಾನು.
ಇನ್ನೊಬ್ಬರು ರಾತ್ರಿ ಹನ್ನೊಂದರ ಸುಮಾರಿಗೆ ಬರುತ್ತಾರೆ,
ವ್ಯಾಲೆಟ್ ಜೋಡಿಸುವುದಿಲ್ಲ, ಏನನ್ನೂ ಕೊಳ್ಳುವುದಿಲ್ಲ,
ಅಕ್ಷರದಲ್ಲೇ ಬರೆಯುತ್ತಾರೆ: ಟಿಎನ್ ಎಪ್ಪತ್ತು,
ಮುಂದೆ ನಾಲ್ಕು ಅಂಕಿ.
ಮೊನ್ನೆ ೪೪೧೬.
ನಿನ್ನೆ ೪೪೧೭.